ಡರ್ಕನ್ ಮೇಷ್ಟ್ರು ಬಿಟ್ಟ ಖಾಲಿ ಸಾಲು

ಸೇತುವೆ ಬೀದಿಯ ಪುಸ್ತಕದಂಗಡಿ,
ಬ್ಯಾಲಿನಾ.
ಮಂಗಳವಾರ, ೪ ಮೇ ೧೯೭೧

ನನ್ನ ನೂಲಾಳಿಗೆ,

ಅಮ್ಮನ ಪ್ರೀತಿ. ಇದನ್ನು ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಓದಬೇಡ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತು ಓದು. ನಡುವೆ ಎದ್ದು ಫೋನ್ ಮಾಡಲೂ ಬೇಡ. ನಮಗೆ ಬರುವ ಫೋನೆಲ್ಲ ಪಕ್ಕದ ಔಷಧಿ ಅಂಗಡಿಗೇ ಬರಬೇಕು, ಅಲ್ಲಿ ಅರ್ಧ ಊರು ಕೆಮ್ಮುವ ನೆಪದಲ್ಲಿ ಕಿವಿ ಕೊಟ್ಟುಕೊಂಡು ನಿಂತಿರುತ್ತದೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿನ್ನ ಪುಸ್ತಕದ ನಲವತ್ತಮೂರನೆಯ ಪುಟ ತಪ್ಪು. ಐರ್ಲೆಂಡಿನ ಸ್ವಾತಂತ್ರ್ಯದ ಹೋರಾಟದಲ್ಲಿ ಕ್ಲೂನಾ ತಿರುವಿನಲ್ಲಿ ನಮ್ಮ ಹುಡುಗರು ಹೊಂಚು ಹಾಕಿದ್ದನ್ನು ಬ್ರಿಟಿಷ್ ಸೈನಿಕರಿಗೆ ತಿಳಿಸಿ ಮೂವರ ಸಾವಿಗೆ ಕಾರಣನಾದವನು ಲ್ಯೂಕ್ ರುವೇನ್ ಎಂದು ಅಲ್ಲಿ ಬರೆದಿದ್ದೀಯ. ಅವನಲ್ಲ. ಯಾರೂ ಅಲ್ಲ. ಶುಕ್ರವಾರ ಮುದ್ರಣಾಲಯದವರು ಹೊಲಿಗೆ ಹಾಕುವ ಮೊದಲು ಆ ಪುಟ ತೆಗೆಸು. ಐವತ್ತು ವರ್ಷ ತುಂಬಿತೆಂದು ಭಾನುವಾರ ಹೊಸ ಸ್ಮಾರಕದ ಕಲ್ಲಿನ ಮುಂದೆ ಇಡೀ ಸೀಮೆ ಸೇರುತ್ತದೆ. ಅಲ್ಲಿ ನಿಂತು ನೀನು ಆ ಹೆಸರನ್ನು ಓದಬಾರದು. ನಾನು ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

“ಆಧಾರ ಎಲ್ಲಿ ಅಮ್ಮ?” ಅನ್ನುತ್ತೀ. ಗೊತ್ತು. ಎಂಟು ವರ್ಷದವಳಿದ್ದಾಗಲೇ ಅನ್ನುತ್ತಿದ್ದೆ. ಆಧಾರ ಸಿಕ್ಕಿದೆ. ಹೇಗೆ ಸಿಕ್ಕಿತು ಎಂದು ಮೊದಲಿನಿಂದ ಬರೆಯುತ್ತೇನೆ.

ಹದಿನೈದು ದಿನದ ಹಿಂದೆ ಡರ್ಕನ್ ಮೇಷ್ಟ್ರ ಸೋದರಸೊಸೆ ಅಂಗಡಿಗೆ ಬಂದಿದ್ದಳು. ಮೇಷ್ಟ್ರು ಮಾರ್ಚಿನಲ್ಲಿ ಹೋದರಲ್ಲ, ತೊಂಬತ್ತೊಂದು ತುಂಬಿತ್ತು. ಮನೆ ಮಾರಬೇಕು, ಪುಸ್ತಕ ಎಲ್ಲ ಎತ್ತಿಕೊಂಡು ಹೋಗಿ ಅಂದಳು. ಹೋದೆ. ನಾನು ಸತ್ತವರ ಮನೆಗೆ ಹೋಗಿ ಪುಸ್ತಕ ತರುವುದು ಹೇಗೆ ಎಂದು ನೀನು ನೋಡಿದ್ದೀಯ. ಓದುವುದಿಲ್ಲ. ಐದು ಕ್ಲಾಸು ಓದಿದವಳು ಓದುತ್ತ ಕೂತರೆ ಒಂದು ಮನೆಗೆ ಒಂದು ವರ್ಷ ಬೇಕು. ಎರಡು ರಟ್ಟು ಹಿಡಿದು ತಲೆಕೆಳಗು ಮಾಡಿ ಕೊಡವುತ್ತೇನೆ. ನಮ್ಮ ಜನ ಪುಸ್ತಕದಲ್ಲಿ ಗುರುತಿಗೆ ಇಡುವುದು ಸತ್ತವರ ಚೀಟಿಯನ್ನೇ ಅಲ್ಲವೇ. ಫೋಟೋ, ಹುಟ್ಟಿದ ದಿನ, ಹೋದ ದಿನ, ಕೆಳಗೊಂದು ಪ್ರಾರ್ಥನೆ. ಹಾಗೆ ಉದುರಿದ್ದು ಯಾರ ಮನೆಯದೋ ಆ ಮನೆಗೆ ತಲುಪಬೇಕು. ಅದು ನನ್ನ ಅಂಗಡಿಯ ನಿಯಮ. ನಿಮ್ಮಪ್ಪ ಬದುಕಿದ್ದಾಗ ನಗುತ್ತಿದ್ದರು, “ಪುಸ್ತಕ ಮಾರ್ತೀಯೋ ಇಲ್ಲಾ ಸತ್ತೋರಿಗೆ ಟಪಾಲು ಹಂಚ್ತೀಯೋ?” ಎಂದು.

ಮೇಷ್ಟ್ರ ಮನೆಯಲ್ಲಿ ಒಳ್ಳೆಯ ಸರಕಿತ್ತು. ಈ ಸೀಮೆಯ ಹಳೆ ಕೋಟೆಗಳದ್ದು, ಹಸಿವಿನ ವರ್ಷಗಳದ್ದು, ಹಾಡುಗಳದ್ದು, ಸಂತರದ್ದು. ಬೇಸಿಗೆಯಲ್ಲಿ ಅಮೆರಿಕದಿಂದ ಬಂದು ‘ನಮ್ಮ ಮನೆತನದ ಹೆಸರು ಎಲ್ಲಿಂದ ಬಂತು’ ಎಂದು ಕೇಳುವವರಿಗೆ ಇಂಥವೇ ಬೇಕು. ಎಲ್ಲಕ್ಕೂ ಮೇಷ್ಟ್ರು ಮಕ್ಕಳ ಪಠ್ಯಪುಸ್ತಕಕ್ಕೆ ಹಾಕುವಂತೆ ಗೋಡೆಗೆ ಅಂಟಿಸುವ ಹೂವಿನ ಕಾಗದದಲ್ಲಿ ಹೊದಿಕೆ ಹಾಕಿದ್ದರು. ಒಂದೊಂದಾಗಿ ಕೊಡವಿದೆ. ನಮ್ಮ ಚರ್ಚಿಗೆ ಸೇರಿದ ಊರುಗಳ ಚರಿತ್ರೆಯ ಪುಸ್ತಕದಿಂದ ಏನೂ ಉದುರಲಿಲ್ಲ, ಆದರೆ ತೂಕ ಸರಿಯಿರಲಿಲ್ಲ. ಆ ಪುಸ್ತಕ ನನ್ನ ಕೈಯಲ್ಲಿ ನೂರು ಸಲ ಹೋಗಿಬಂದಿದೆ, ಅದರ ಭಾರ ನನಗೆ ಗೊತ್ತು. ಹೊದಿಕೆ ಬಿಚ್ಚಿದೆ. ಕಾಗದಕ್ಕೂ ರಟ್ಟಿಗೂ ನಡುವೆ ನಾಲ್ಕು ಹಾಳೆ ಮಡಚಿಟ್ಟಿದ್ದರು. ಮೇಷ್ಟ್ರ ಕೈಬರಹ. ಆ ಬರಹವನ್ನು ನೋಡಿ ನೋಡಿ ಬರೆಯಲು ಕಲಿತವಳು ನಾನು, ತಪ್ಪುವ ಮಾತೇ ಇಲ್ಲ.

ಅದನ್ನು ಮಾತ್ರ ಓದಿದೆ. ಅಲ್ಲೇ ನೆಲದ ಮೇಲೆ ಕೂತು ಓದಿದೆ.

ಇಪ್ಪತ್ತೊಂದನೇ ಇಸವಿಯಲ್ಲಿ ಊರಿನ ಹುಡುಗರಿಗೆ ಸುದ್ದಿ ಒಟ್ಟುಮಾಡಿ ಕೊಡುತ್ತಿದ್ದವರು ಮೇಷ್ಟ್ರೇ, ಅದು ನಿನ್ನ ಪುಸ್ತಕದಲ್ಲೂ ಇದೆ. ಹಾಳೆಯಲ್ಲಿ ಇರುವುದು ಇಷ್ಟು. ಸೈನಿಕರ ಲಾರಿಗಳು ಕೆರೆಯ ಕಡೆಯಿಂದ ಬರುವುದು ಕಂಡಾಗ ಕ್ಲೂನಾ ತಿರುವಿನ ಮೇಲಿನ ಮನೆಯ ಬೇಲಿಗೆ ಬಿಳಿ ಹಾಸುಬಟ್ಟೆ ಹಾಕಬೇಕು. ಅದು ಕಂಡ ಕೂಡಲೇ ಗುಡ್ಡದ ಮೇಲಿದ್ದ ಹುಡುಗರು ರಸ್ತೆಗೆ ಇಳಿಯಬೇಕು. ಆ ಸೋಮವಾರ ಬಟ್ಟೆ ಒಂದು ಗಂಟೆ ಮೊದಲೇ ಬೇಲಿಗೆ ಬಿತ್ತು. ಹುಡುಗರು ಇಳಿದರು. ಲಾರಿ ಇಲ್ಲ. ಕಾದರು. ಕೊನೆಗೆ ಏನೋ ತಪ್ಪಾಗಿದೆ ಎಂದು ಎದ್ದು ಬಯಲಿಗೆ ಬಂದ ಹೊತ್ತಿಗೆ ಸರಿಯಾಗಿ ಲಾರಿಗಳು ಬಂದವು. ಮೂವರು ಅಲ್ಲೇ ಹೋದರು. ಯಾರೂ ಸುಳಿವು ಕೊಟ್ಟಿರಲಿಲ್ಲ. ‘ಇದು ಮರುದಿನವೇ ಗಿಲ್ವಾರಿಗೆ ಗೊತ್ತಿತ್ತು, ಅವನು ನನಗೆ ಹೇಳಿದ. ಹೇಳಬೇಕಾದವರಿಗೆ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಎಂಟು ದಿನದ ಮೇಲೆ ನಮ್ಮ ಹುಡುಗರೇ ರುವೇನ್‌ನನ್ನು ಕರೆದುಕೊಂಡು ಹೋದರು’ ಎಂದು ಮೇಷ್ಟ್ರು ಬರೆದಿದ್ದಾರೆ.

ಗಿಲ್ವಾರಿ ಎಂದರೆ ನನ್ನ ಅಪ್ಪ. ನಿನ್ನ ತಾತ. ಕಲ್ಲಿನ ಮೇಲೆ, ಹೋರಾಡಿದವರ ಪಟ್ಟಿಯಲ್ಲಿ, ಮೊದಲನೆಯ ಹೆಸರು. ಆ ಬೇಲಿ ನಮ್ಮ ಮನೆಯದು.

ಬಟ್ಟೆ ಯಾರು ಹಾಕಿದರು ಎಂದು ಕೇಳಬೇಡ. ‘ಅದನ್ನು ಬೇಲಿಗೆ ಹಾಕಿದವರು’ ಎಂದು ಬರೆದು ಮೇಷ್ಟ್ರು ಒಂದು ಸಾಲು ಪೂರ್ತಿ ಖಾಲಿ ಬಿಟ್ಟು, ಕೆಳಗೆ ಬೇರೆ ಮಾತಿಗೆ ಹೋಗಿದ್ದಾರೆ. ನಿನ್ನ ತಾತ ಹೊತ್ತು ತಪ್ಪಿ ಹಾಕಿರಬೇಕು ಅಂದುಕೊಳ್ಳುತ್ತೀಯ. ಅಂದುಕೋ.

ಲ್ಯೂಕ್ ರುವೇನ್ ಯಾರೆಂದು ನಿನಗೆ ಗೊತ್ತಿರುವುದೆಲ್ಲ ಆ ಹಸಿರು ರಟ್ಟಿನ ಕಿರುಪುಸ್ತಕದಿಂದ ಬಂದದ್ದು. ಮೂವತ್ತಾರರಲ್ಲಿ ಸ್ಮಾರಕ ಸಮಿತಿಯವರು ಅಚ್ಚು ಹಾಕಿಸಿದ್ದು. ಮನುಷ್ಯ ಹೇಗಿದ್ದ ಎಂದು ನಾನು ಹೇಳುತ್ತೇನೆ. ತಿರುವಿನ ಕೆಳಗಿನ ಸಣ್ಣ ಮನೆಯಲ್ಲಿ ಬೂಟು ಹೊಲಿಯುತ್ತಿದ್ದ. ಅದಕ್ಕೆ ಮೊದಲು ಬ್ರಿಟಿಷ್ ರಾಜನ ಸೈನ್ಯದಲ್ಲಿದ್ದು ಫ್ರಾನ್ಸಿನಲ್ಲಿ ಯುದ್ಧ ಮಾಡಿ ಬಂದಿದ್ದ. ಊರಿಗೆ ಅಷ್ಟೇ ಸಾಕಾಯಿತು. ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಹಾಡುತ್ತಿದ್ದ. ಮಕ್ಕಳ ಬೂಟಿಗೆ ದುಡ್ಡು ಕೇಳುತ್ತಿರಲಿಲ್ಲ. ಅವನನ್ನು ಕ್ಲೂನಾ ತಿರುವಿನಲ್ಲೇ ಕೊಂದು, ಎದೆಯ ಮೇಲೆ ‘ಗೂಢಚಾರ’ ಎಂದು ಬರೆದ ರಟ್ಟು ಕಟ್ಟಿ ಮಲಗಿಸಿದ್ದರು. ಆ ರಟ್ಟು ಬೂಟಿನ ಪೆಟ್ಟಿಗೆಯದು, ಅವನದೇ ಮನೆಯದು. ಎರಡು ದಿನದಲ್ಲಿ ಹೆಂಡತಿ ಮಗಳನ್ನು ಕರೆದುಕೊಂಡು ಊರು ಬಿಟ್ಟಳು. ಹಾಲು ಕೊಡುವವರೂ ಇರಲಿಲ್ಲ ಅವರಿಗೆ.

ಆ ಮಗಳು ವಿನಿ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಳು.

ನೂಲಾ, ಆ ಹಸಿರು ಪುಸ್ತಕವನ್ನು ನಾನು ಮೂವತ್ತಮೂರು ವರ್ಷದಿಂದ ಮಾರುತ್ತಿದ್ದೇನೆ. ಅಂಗಡಿ ತೆರೆದ ದಿನ ಮೊದಲು ಮಾರಿದ್ದೇ ಅದು. ನೀನು ಹೋದ ವರ್ಷ ಬಂದು, “ಅಮ್ಮ, ನೀನು ಆಗ ಅಲ್ಲೇ ಇದ್ದೆಯಲ್ಲ, ಏನು ನೆನಪಿದೆ ಹೇಳು” ಅಂದಾಗ ನಾನು ಏನು ಮಾಡಿದೆ? “ನಂಗೇನೂ ನೆನಪಿಲ್ಲ, ಎಲ್ಲಾ ಇದ್ರಲ್ಲಿದೆ” ಎಂದು ಆ ಪುಸ್ತಕವನ್ನೇ ನಿನ್ನ ಕೈಗಿಟ್ಟೆ. ನಿನ್ನ ನಲವತ್ತಮೂರನೆಯ ಪುಟ ಹುಟ್ಟಿದ್ದು ನನ್ನ ಅಂಗಡಿಯಲ್ಲಿ. ಆದ್ದರಿಂದ ಬೈಯುವುದಿದ್ದರೆ ನನ್ನನ್ನು ಬೈ. ಪುಟ ಮಾತ್ರ ತೆಗೆಸು.

ಇನ್ನು ಮುಂದಿನದು. ಹಾಳೆಗಳನ್ನು ತಂದು ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ಹಾಕಿದೆ. ಏನು ಮಾಡಬೇಕೆಂದು ತೋಚಲಿಲ್ಲ. ಮೇಷ್ಟ್ರ ಸೋದರಸೊಸೆಗೆ ಹೇಳಿದರೆ, “ಕಾಗದ ಗೀಗದ ಎಲ್ಲಾ ನಿಮ್ಗೇ, ನನ್ಹತ್ರ ಕೇಳ್ಬೇಡಿ” ಅಂದುಬಿಟ್ಟಳು. ಐದು ದಿನ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ.

ಹೋದ ಗುರುವಾರ ಬೆಳಿಗ್ಗೆ ಒಬ್ಬಳು ಹೆಂಗಸು ಒಳಗೆ ಬಂದಳು. ನನ್ನ ವಯಸ್ಸು, ಒಳ್ಳೆಯ ಕೋಟು, ಇಂಗ್ಲೆಂಡಿನ ಮಾತು. ಕಪಾಟಿನ ಮುಂದೆ ನಿಂತು ಎಡಗಿವಿಯ ತುದಿ ಎಳೆದುಕೊಂಡಳು. ಲೆಕ್ಕ ಬರದಿದ್ದಾಗ ಹಾಗೆ ಕಿವಿ ಎಳೆದುಕೊಳ್ಳುತ್ತಿದ್ದವಳು ಒಬ್ಬಳೇ.

“ಕ್ಲೂನಾ ಬಗ್ಗೆ ಏನಾದ್ರೂ ಪುಸ್ತಕ ಇದ್ಯಾ?” ಅಂದಳು.

“ಮುಗ್ದೋಗಿದೆ” ಅಂದೆ.

“ಮುಗ್ದೋಗಿದ್ಯಾ? ಕಿಟಕೀಲೇ ಹನ್ನೆರಡು ಕಾಣ್ತಾ ಇದಾವಲ್ಲ.”

ಸಮಿತಿಯವರು ಹೇಳಿದರೆಂದು ನಾನೇ ಸಾಲಾಗಿ ಜೋಡಿಸಿಟ್ಟಿದ್ದೆ. ಅವಳೇ ಹೋಗಿ ಒಂದನ್ನು ಎತ್ತಿಕೊಂಡಳು. ನಿಂತುಕೊಂಡೇ ಪುಟ ತಿರುಗಿಸಿದಳು. ಎಲ್ಲಿಗೆ ಬಂದಳು ಎಂದು ಅವಳ ಮುಖ ನೋಡಿದರೇ ಗೊತ್ತಾಯಿತು. ಆ ಪುಟವನ್ನು ಎಷ್ಟು ಹೊತ್ತು ನೋಡಿದಳೋ, ಹೊರಗೆ ಒಂದು ಬಸ್ಸು ಬಂದು ಜನ ಇಳಿಸಿ ಹೋಯಿತು. ಆಮೇಲೆ ತಲೆ ಎತ್ತದೆಯೇ ಅಂದಳು:

“ನೀನು ಡೀಲಿಯಾ ತಾನೆ? ಸುಳ್ಳು ಹೇಳಿದ್ರೆ ಈಗ್ಲೂ ಮೂಗು ಕೆಂಪಗಾಗತ್ತಲ್ಲೇ ನಿಂಗೆ.”

“ವಿನಿ” ಅಂದೆ.

“ಹೂಂ, ವಿನಿಯೇ. ಓಲ್ಡಮ್‌ನಲ್ಲಿದೀನಿ. ಅಮ್ಮ ಹೋದ ತಿಂಗ್ಳು ತೀರ್ಕೊಂಡ್ರು. ‘ಒಂದ್ಸಲ ಹೋಗಿ ಕೇಳು, ನಿಜವಾಗಿ ಯಾರು ಸುಳಿವು ಕೊಟ್ರು ಅಂತ ಕೇಳು’ ಅಂತ ಬಾಯ್ಬಿಟ್ಟು ಹೇಳಿದ್ರು. ಅದಕ್ಕೇ ಬಂದೆ. ಎಷ್ಟು ಇದಕ್ಕೆ?”

“ಬೇಡ ಕಣೇ. ಹಾಗೇ ತಗೊಂಡ್ಹೋಗು.”

“ನಮ್ಮಪ್ಪನ್ನ ದ್ರೋಹಿ ಅಂದಿರೋ ಪುಸ್ತಕಾನ ನಾನ್ಯಾಕೆ ಬಿಟ್ಟಿ ತಗೋಬೇಕು? ಬೆಲೆ ಹೇಳು.”

ಹೇಳಿದೆ. ಕೊಟ್ಟಳು. ನಾನು ತೆಗೆದುಕೊಂಡೆ, ನೂಲಾ. ಕಂದು ಕಾಗದದಲ್ಲಿ ಸುತ್ತಿ ದಾರ ಕಟ್ಟಿಯೂ ಕೊಟ್ಟೆ. ಅವಳ ಅಪ್ಪ ನಿರಪರಾಧಿ ಎಂದು ಬರೆದ ನಾಲ್ಕು ಹಾಳೆ ನನ್ನ ಹೊಟ್ಟೆಯ ಹತ್ತಿರ ಡ್ರಾಯರಿನಲ್ಲಿದ್ದವು. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಹಲಗೆ. ಬಾಗಿಲ ಹತ್ತಿರ ನಿಂತು, “ಭಾನುವಾರ ಕಲ್ಲಿನ ಹತ್ರ ನಾನೂ ಬರ್ತೀನಿ. ಯಾರು ಏನು ಓದ್ತಾರೋ ಕೇಳಿಸ್ಕೊಂಡೇ ಹೋಗೋದು. ಗಾರ್ಡನ್ ಬೀದಿಲಿ ಉಳ್ಕೊಂಡಿದೀನಿ” ಅಂದಳು. ಓದುವವಳು ನನ್ನ ಮಗಳು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಶನಿವಾರ ಫೆಸ್ಟಸ್ ಬಂದ. ಸಮಿತಿಯ ಅಧ್ಯಕ್ಷ ಎಂದು ನೀನು ಕೈಮುಗಿಯುತ್ತೀಯಲ್ಲ, ಅವನೇ. ಸತ್ತ ಮೂವರಲ್ಲಿ ಒಬ್ಬ ಅವನ ಅಣ್ಣ. ಬಾಗಿಲು ಹಾಕಿ ಬಂದ, ನನ್ನ ಅಂಗಡಿಯ ಬಾಗಿಲು, ನನ್ನನ್ನು ಕೇಳದೆ.

“ಮೇಷ್ಟ್ರ ಮನೆ ಖಾಲಿ ಮಾಡಿದ್ಯಂತೆ ಡೀಲಿಯಾ.”

“ಮಾಡ್ದೆ.”

“ಕೊಡವೋ ಅಭ್ಯಾಸ ನಿಂದು. ಏನಾದ್ರೂ ಉದುರ್ತಾ?”

“ಸತ್ತೋರ ಚೀಟಿ ಉದುರಿದ್ವು. ನಿಮ್ಮಣ್ಣಂದೂ ಇತ್ತು. ತಗೋ.”

ತೆಗೆದುಕೊಂಡ. ಅಣ್ಣನ ಫೋಟೋ ನೋಡಲಿಲ್ಲ, ಜೇಬಿಗೆ ಹಾಕಿದ. “ರುವೇನ್ ಮಗಳು ಊರಲ್ಲಿ ಓಡಾಡ್ತಾ ಇದಾಳೆ. ನೋಡಿದ್ಯಾ?”

“ಪುಸ್ತಕ ತಗೊಂಡ್ಳು. ನಿನ್ನ ಹಾಗೆ ಬರಿಗೈಲಿ ಹೋಗ್ಲಿಲ್ಲ.”

“ನೋಡು, ಕಲ್ಲಿನ ಮೇಲೆ ನಿಮ್ಮಪ್ಪನ ಹೆಸರು ಎಲ್ಲಾರಿಗಿಂತ ಮೇಲೆ ಕೆತ್ತಿಸಿದೀನಿ. ನಿನ್ನ ಮಗಳಿಂದ ಪುಸ್ತಕ ಬರೆಸಿದೀನಿ. ಹಳೇ ಕಾಗದ ಏನಿದ್ರೂ ಒಲೆ ಹಚ್ಚೋಕೆ ಚೆನ್ನಾಗಿರತ್ತೆ.”

“ಒಲೆ ಹಚ್ಚೋಕೆ ನಿನ್ನ ಬುದ್ಧಿವಾದ ಬೇಕಾಗಿಲ್ಲ ನಂಗೆ. ಬಾಗಿಲು ತೆಗಿ, ಗಿರಾಕಿ ಬರೋ ಹೊತ್ತು.”

ಅವನು ತೆಗೆಯಲಿಲ್ಲ. ಚಿಲಕದ ಮೇಲೆ ಕೈ ಇಟ್ಟುಕೊಂಡು ನಿಂತ. ಎಪ್ಪತ್ತೆರಡು ವರ್ಷದ ಕೈ. “ನಾನು ಆಗ ಇಪ್ಪತ್ತೆರಡು ವರ್ಷದೋನು” ಅಂದ. “ಅಣ್ಣನ್ನ ಹೂತು ವಾರ ಆಗಿತ್ತು. ನಾವು ಆವತ್ತು ಮಾಡಿದ್ದು ಸರೀನೇ ಅಂತ ಇಷ್ಟು ವರ್ಷ ಮಲಗಿ ಎದ್ದಿದೀನಿ. ತಪ್ಪು ಅಂತ ಈಗ ಯಾರಾದ್ರೂ ಹೇಳಿದ್ರೆ ನಂಗೆ ತಡ್ಕೊಳೋಕಾಗಲ್ಲ, ಡೀಲಿಯಾ.”

ನನಗೆ ಅವನ ಮೇಲೆ ಕೋಪ ಬರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಅವನು ಹೋದ ಮೇಲೆ ಹಾಳೆಗಳನ್ನು ತೆಗೆದುಕೊಂಡು ಒಲೆಯ ಮುಂದೆ ಹೋಗಿ ನಿಂತೆ. ನಿಂತದ್ದು ನಿಜ, ನಿನಗೆ ಸುಳ್ಳು ಹೇಳುವುದಿಲ್ಲ. ಒಲೆಯ ಬಾಯಿಯನ್ನೂ ತೆಗೆದೆ. ತಲೆಯ ಮೇಲೆ ಒದ್ದೆ ಬಟ್ಟೆ ತೂಗುತ್ತಿದ್ದವು. ನಮ್ಮ ಮನೆಯ ಬಟ್ಟೆಯೆಲ್ಲ ಅಡುಗೆಮನೆಯಲ್ಲೇ ಒಣಗುವುದು, ಬಿಸಿಲಿದ್ದರೂ ಹೊರಗೆ ಹಾಕುವುದಿಲ್ಲ ಎಂದು ನೀನು ಚಿಕ್ಕಂದಿನಿಂದ ಗೊಣಗಿದ್ದೀಯ. ಕ್ರಿಸ್‌ಮಸ್‌ಗೆ ನೀನು ತಂದುಕೊಟ್ಟ ಹಗ್ಗ, ಕ್ಲಿಪ್ಪು ಇನ್ನೂ ಪೊಟ್ಟಣದಲ್ಲೇ ಇವೆ. ಒಂದು ದಿಂಬಿನ ಚೀಲದಿಂದ ನೀರು ತೊಟ್ಟಿಕ್ಕಿ ಮೇಷ್ಟ್ರ ಅಕ್ಷರದ ಮೇಲೆ ಬಿತ್ತು. ಅಕ್ಷರ ಹರಡಲು ಶುರುವಾಯಿತು. ತಕ್ಷಣ ಏಪ್ರನ್ನಿನ ಅಂಚಿನಲ್ಲಿ ಒತ್ತಿ ಒರೆಸಿದೆ, ಮಗುವಿನ ಮುಖ ಒರೆಸಿದ ಹಾಗೆ. ಸುಡುವವಳು ಒರೆಸುತ್ತಾಳೆಯೇ? ಅಲ್ಲಿಗೆ ನನಗೇ ತಿಳಿಯಿತು.

ಉದುರಿದ್ದು ಯಾರ ಮನೆಯದೋ ಆ ಮನೆಗೆ ತಲುಪಬೇಕು. ನಿಯಮ ನನ್ನದೇ. ನಿನ್ನೆ ಸೋಮವಾರ ಅಂಗಡಿ ತೆರೆಯಲಿಲ್ಲ. ಕಿಟಕಿಯಿಂದ ಹನ್ನೊಂದು ಹಸಿರು ಪುಸ್ತಕ ತೆಗೆದೆ. ಗಾರ್ಡನ್ ಬೀದಿಗೆ ನಡೆದುಕೊಂಡು ಹೋಗಿ ನಾಲ್ಕು ಹಾಳೆಯನ್ನೂ ವಿನಿಯ ಕೈಗೆ ಕೊಟ್ಟೆ. ನನ್ನ ಮುಂದೆಯೇ ಓದಿದಳು. ಈಗ ಅವು ಅವಳ ಹತ್ತಿರ ಇವೆ. ಭಾನುವಾರ ತರುತ್ತಾಳೆ. ನೀನು ಪುಟ ತೆಗೆಸದಿದ್ದರೆ, ನೀನು ಓದಿ ಮುಗಿಸಿದ ಮೇಲೆ ಅವಳು ಓದುತ್ತಾಳೆ. ನಾನು ತಡೆಯುವುದಿಲ್ಲ.

ನಿನಗೆ ನಷ್ಟ ಎಂದು ಗೊತ್ತು. ಎರಡು ವರ್ಷ ಕೂತು ಬರೆದದ್ದು. ಕಾಲೇಜಿನಲ್ಲಿ ನಿನ್ನ ಮೇಲಿನವರು ಏನನ್ನುತ್ತಾರೋ, ಫೆಸ್ಟಸ್ ಏನು ಮಾಡುತ್ತಾನೋ. ತಾತನ ಹೆಸರಿಗೂ ಮಸಿ. ಚಿಕ್ಕವಳಾಗಿದ್ದಾಗ ತಾತನ ಹೆಗಲ ಮೇಲೆ ಕೂತು ನೀನು ಆ ತಿರುವಿನಲ್ಲಿ ಹೋಗುತ್ತಿದ್ದೆ, ಅಲ್ಲಿಗೆ ಬಂದರೆ ಅವರು ಯಾವಾಗಲೂ ಹೆಜ್ಜೆ ಜೋರು ಮಾಡುತ್ತಿದ್ದರು. ನೀನು ಕುದುರೆ ಓಡುತ್ತಿದೆ ಎಂದು ನಗುತ್ತಿದ್ದೆ. ಯಾಕೆ ಓಡುತ್ತಿದ್ದರು ಎಂದು ಈಗ ಯೋಚಿಸು. ಒಳ್ಳೆಯವರೇ. ಹೆದರಿದ್ದರು. ಹೆದರಿ ಸುಮ್ಮನಿದ್ದರು, ಆಮೇಲೆ ಮಾತಾಡುವ ಹೊತ್ತು ಮೀರಿತು, ಆಮೇಲೆ ಕಲ್ಲಿನ ಮೇಲೆ ಹೆಸರು ಬಂತು. ಸುಮ್ಮನಿದ್ದವರಿಗೆ ಹಾಗೇ ಆಗುವುದು.

ಊಟ ಬಿಡಬೇಡ. ಗುರುವಾರದ ಬಸ್ಸಿಗೆ ಬರುವುದಾದರೆ ಬಾ, ಹಂದಿಮಾಂಸ ಕೋಸು ಬೇಯಿಸಿಟ್ಟಿರುತ್ತೇನೆ. ಜಗಳ ಆಡಲು ಬರುವುದಾದರೂ ಬಾ.

ಇಂತಿ, ಕೋಪದವಳಾದರೂ ನಿನ್ನವಳೇ ಆದ,
ಅಮ್ಮ
(ಡೀಲಿಯಾ)

ಮರೆತು ಬಿಟ್ಟದ್ದಲ್ಲ, ಬರೆಯಲು ಆಗದೆ ಬಿಟ್ಟದ್ದು:

ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದೆ. ಆ ಖಾಲಿ ಸಾಲು ಈಗ ಖಾಲಿಯಿಲ್ಲ.

ಆ ಶುಕ್ರವಾರ ನಿನ್ನ ಚಿಕ್ಕಮಾವ ಹುಟ್ಟಿದ್ದ, ಅಮ್ಮ ಇನ್ನೂ ಮಂಚದ ಮೇಲಿದ್ದಳು. ಸೋಮವಾರ ಬೇಲಿಗೆ ಬಟ್ಟೆ ಹಾಕಬಾರದು ಎಂದು ಅಪ್ಪ ಅವಳಿಗೆ ಹೇಳಿದ್ದರು, ನನಗೆ ಹೇಳಿರಲಿಲ್ಲ. ಸೋಮವಾರ ಊರೆಲ್ಲ ಬಟ್ಟೆ ಒಗೆಯುವ ದಿನ, ಅವತ್ತು ಬಟ್ಟೆ ಹಾಕದ ಮನೆ ಎಂದರೆ ಕೊಳಕರ ಮನೆ ಎಂದು ಊರು ಆಡಿಕೊಳ್ಳುತ್ತದೆ. ಅಮ್ಮನಿಗೆ ಆ ಮಾತು ಬರಬಾರದೆಂದು ನಾನೇ ಹಾಸುಬಟ್ಟೆ ಒಗೆದು, ಕುರ್ಚಿ ಹಾಕಿಕೊಂಡು ಹತ್ತಿ, ಸುಕ್ಕಿಲ್ಲದ ಹಾಗೆ ಹರಡಿದೆ. ಕೆಳಗಿನ ರಸ್ತೆಗೂ ಕಾಣಲಿ ಎಂದು. ಅಮ್ಮನಿಗೆ ಹುಷಾರಿಲ್ಲದ್ದಕ್ಕೆ ಶಾಲೆ ಬಿಟ್ಟೆ ಎಂದು ನಿನಗೆ ಹೇಳಿದ್ದೆನಲ್ಲ, ಸುಳ್ಳು. ಬೆಂಚಿನಲ್ಲಿ ಪಕ್ಕದ ಜಾಗ ಖಾಲಿಯಾಗಿತ್ತು, ಮೇಷ್ಟ್ರು ಪಾಠ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಕೂರಲಾಗಲಿಲ್ಲ.

ಗಾರ್ಡನ್ ಬೀದಿಗೆ ಹೋಗುವ ಮೊದಲು ಶಾಯಿಯಲ್ಲಿ ಬರೆದೆ: ಡೀಲಿಯಾ ಗಿಲ್ವಾರಿ, ಹನ್ನೊಂದು ವರ್ಷ.

ವಿನಿ ಆ ಸಾಲಿಗೆ ಬಂದು ನಿಂತಳು. ಕಿವಿ ಎಳೆದುಕೊಂಡಳು. ಹಾಳೆ ಮಡಚಿ ಕೈಚೀಲದಲ್ಲಿ ಇಟ್ಟು, ಬಾಗಿಲು ತೆಗೆದು ಹಿಡಿದು, “ಹನ್ನೊಂದು ವರ್ಷದೋಳಿಗೆ ನಾನು ಏನೂ ಅನ್ನಲ್ಲ ಕಣೇ. ಅರವತ್ತೊಂದು ವರ್ಷದೋಳು ಭಾನುವಾರ ಕಲ್ಲಿನ ಹತ್ರ ಬರ್ಲಿ, ಅವಳ ಹತ್ರ ಮಾತಾಡ್ಬೇಕು” ಅಂದಳು.

ಹೋಗುತ್ತೇನೆ.